ಗೋವಿನಜೋಳದಲ್ಲಿ ಅಫ್ಲಾಟಾಕ್ಸಿನ್ (ಬೂಸ್ಟಿನಿಂದ ಬರೋ ವಿಷ) ಇದೆ ಅಂತ ದರ ಇಳಿಸಿದರೆ ಏನು ಮಾಡೋದು?

ಪ್ರಶ್ನೆ (ರೈತ, ರಾಣೆಬೆನ್ನೂರು ಕಡೆ): ಮೇಡಂ ನಮಸ್ಕಾರ. ಕೊಯ್ಲಿನ ಹೊತ್ತಿಗೇ ಮಳೆ ಹಿಡಿದುಕೊಂಡಿತು. ಗೋವಿನಜೋಳ ಸರಿಯಾಗಿ ಒಣಗಲಿಲ್ಲ. ಕೋಳಿ ಫೀಡಿಗೆ ಕೊಳ್ಳುವ ವ್ಯಾಪಾರಿ ಒಂದು ಹಿಡಿ ಕಾಳು ಕೈಯಲ್ಲಿ ತಗೊಂಡು ನೋಡಿ, "ಅಫ್ಲಾಟಾಕ್ಸಿನ್ ಇದೆ, ಎಫ್‌ಎಸ್‌ಎಸ್‌ಎಐ ಕಾನೂನು ಬಿಡಲ್ಲ" ಅಂತ ದರ ಇಳಿಸಿದರು. ರೈತರ ಮೇಲೂ ಕೇಸ್ ಹಾಕ್ತಾರಾ? ಬರೀ ನೋಡಿದರೆ ಅದು ಗೊತ್ತಾಗುತ್ತಾ?

ಉತ್ತರ (ಆಹಾರ ಪರೀಕ್ಷಕಿ): ಕೇಸಿನ ಭಯ ಬಿಡಿ. ಎಫ್‌ಎಸ್‌ಎಸ್‌ಎಐ ಅಂದರೆ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳೋ ಸರ್ಕಾರಿ ಪ್ರಾಧಿಕಾರ. 2006ರ ಆಹಾರ ಸುರಕ್ಷತೆ ಕಾಯ್ದೆ ರೈತರಿಗೂ ಅವರು ಹೊಲದಲ್ಲಿ ಬೆಳೆದಿದ್ದಕ್ಕೂ ಅನ್ವಯಿಸಲ್ಲ ಅಂತ ಅದರ 18ನೇ ಸೆಕ್ಷನ್ನಿನಲ್ಲೇ ಇದೆ. ಅದೇ ಜೋಳ ರವೆ ಮಾಡಿಸಿ ಪ್ಯಾಕೆಟ್ ಹಾಕಿ ಮಾರಿದರೆ ಮಾತ್ರ ನೋಂದಣಿ ಬೇಕು.

ಇನ್ನು ಕಣ್ಣಲ್ಲಿ ನೋಡಿ ಹೇಳೋದು ಆಗದ ಮಾತು. ಜನ ತಿನ್ನೋ ಧಾನ್ಯಕ್ಕೆ ನಮ್ಮಲ್ಲಿ ಮಿತಿ ಕಿಲೋಗೆ 15 ಮೈಕ್ರೋಗ್ರಾಂ, ಅಂದರೆ 10 ಟನ್ ಲೋಡಿನಲ್ಲಿ ಎಲ್ಲಾ ಸೇರಿ 0.15 ಗ್ರಾಂ! ಬೂಸ್ಟು ಕಂಡರೂ ವಿಷ ಇಲ್ಲದೇ ಇರಬಹುದು, ಚೆನ್ನಾಗಿ ಕಾಣೋ ಕಾಳಲ್ಲೂ ಇರಬಹುದು. ಹತ್ತಾರು ಕಡೆಯಿಂದ ಕಾಳು ತೆಗೆದು, ಬೆರೆಸಿ, ಪುಡಿ ಮಾಡಿ ಟೆಸ್ಟ್ ಮಾಡಬೇಕು. ಮತ್ತೆ ಆ 15 ಮೈಕ್ರೋಗ್ರಾಂ ಅನ್ನೋದು ಜನರ ಆಹಾರದ ಲೆಕ್ಕ, ಫೀಡಿನ ಮಾನದಂಡ ಬೇರೆ. ಕೋಳಿಗೂ ಇದು ಕೆಟ್ಟದ್ದೇ, ಲಿವರ್ ಹಾಳಾಗುತ್ತೆ, ಹಾಗಾಗಿ ಅವರ ಆತಂಕ ಸುಳ್ಳಲ್ಲ. ಆದರೆ ರಿಪೋರ್ಟ್ ಇಲ್ಲದೆ ಆ ಹೆಸರಲ್ಲಿ ದರ ಕಡಿಯೋದು ತಪ್ಪು. ರಿಪೋರ್ಟ್ ಕೇಳಿ. ತೇವಾಂಶಕ್ಕೆ ಕಡಿತ ಅಂದರೆ ಮೀಟರ್ ನಿಮ್ಮೆದುರೇ ಹಾಕಿಸಿ.

ನಿಯಮ ಬೇಕೇ ಬೇಕು, ಇದು ಕ್ಯಾನ್ಸರ್ ತರೋ ವಿಷ, ಬೇಯಿಸಿದರೂ ಪೂರ್ತಿ ಹೋಗಲ್ಲ. ಆದರೆ ಒಣಗಿಸೋ ಖರ್ಚೆಲ್ಲ ರೈತನ ತಲೆ ಮೇಲೇ ಬೀಳ್ತಿದೆ ಅಲ್ವಾ, ನನಗೆ ಬೇಜಾರಾಗೋದು ಅದಕ್ಕೇ. ಹೋಬಳಿಗೊಂದು ಡ್ರೈಯರ್ ಕೊಡದೆ ಸುಮ್ನೆ ಗುಣಮಟ್ಟ ಕೇಳಿದರೆ ಹೇಗೆ?

ಪ್ರಶ್ನೆ: ಮೀಟರ್ ನಮ್ಮ ಹತ್ರ ಇಲ್ಲ ಮೇಡಂ. ಒಣಗಿದೆ ಅಂತ ಮನೇಲಿ ತಿಳಿಯೋದು ಹೇಗೆ? ಮತ್ತೆ ಬೂಸ್ಟು ಹಿಡಿದ ಎರಡು ಚೀಲ ಹಸುಗೆ ಹಾಕಬಹುದಾ?

ಉತ್ತರ: ಒಣಗಿದ ಗಾಜಿನ ಬಾಟಲಿಗೆ ಒಂದಷ್ಟು ಕಾಳು, ಎರಡು ಮೂರು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ ಮುಚ್ಚಿ. ಚೆನ್ನಾಗಿ ಅಲ್ಲಾಡಿಸಿ ಹತ್ತು ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇಕಡಾ 15ಕ್ಕಿಂತ ಜಾಸ್ತಿ ಇದೆ, ಇನ್ನೂ ಒಣಗಿಸಿ. ಅಂಟದಿದ್ದರೆ ಅದಕ್ಕಿಂತ ಕಡಿಮೆ, ಆದರೂ ಕೂಡಿಡೋ ಮಾಲಾದರೆ ಇನ್ನೊಂದೆರಡು ಬಿಸಿಲು ತೋರಿಸಿ. ಬರೀ ನೆಲದ ಮೇಲೆ ಹರವಬೇಡಿ, ತಾಡಪತ್ರಿ ಹಾಸಿ. ಒಡೆದ ಕಾಳು, ಹುಳು ತಿಂದ ಕಾಳು ಬೇರೆ ಮಾಡಿ, ಬೂಸ್ಟು ಮೊದಲು ಹತ್ತೋದು ಅದಕ್ಕೇ.

ಹಸುಗೆ ಮಾತ್ರ ಬೇಡ. ಆ ವಿಷ ರೂಪ ಬದಲಿಸಿ ಹಾಲಿಗೆ ಇಳಿಯುತ್ತೆ. ಹಾಲಿನ ಮಿತಿ ಇನ್ನೂ ಬಿಗಿ, ಕಿಲೋಗೆ 0.5 ಮೈಕ್ರೋಗ್ರಾಂ, ಮತ್ತೆ ಆ ಹಾಲು ಮೊದಲು ಕುಡಿಯೋದು ನಿಮ್ಮನೆ ಮಕ್ಕಳೇ. ಒಳ್ಳೆ ಮಾಲಿಗೆ ಬೆರೆಸಲೂ ಬೇಡಿ, ಇಡೀ ಲೋಡ್ ಕೆಡುತ್ತೆ. ಆ ಎರಡು ಚೀಲ ದನ, ಕೋಳಿ ಬಾಯಿ ಹಾಕದ ಹಾಗೆ ಗುಂಡಿ ತೋಡಿ ಮುಚ್ಚಿಬಿಡಿ.