ಎಲ್ಲದಕ್ಕೂ ‘ಆಯ್ತು’ ಅಂದುಬಿಡುತ್ತೇನೆ, ಆಮೇಲೆ ನಿದ್ದೆ ಇಲ್ಲ

ಪ್ರಶ್ನೆ: ಮನೆ ವಿಜಯನಗರ, ಕೆಲಸ ವೈಟ್‌ಫೀಲ್ಡ್. ವಯಸ್ಸು 38. ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ಸಂಚಿಕೆ ನನ್ನ ತಲೆಗೆ ಬಂದಿದೆ. ನಾದಿನಿ ಮನೆ ಗೃಹಪ್ರವೇಶಕ್ಕೆ ಅಡುಗೆಯವರನ್ನು ಗೊತ್ತು ಮಾಡುವುದೂ ನಾನೇ. ಯಾರು ಏನು ಕೇಳಿದರೂ ಬಾಯಿಗೆ ‘ಆಯ್ತು’ ಅಂತಲೇ ಬರುತ್ತದೆ. ಒಪ್ಪಿಕೊಂಡ ಮೇಲೆ ಅರೆಬರೆ ಮಾಡಲು ಮನಸ್ಸಾಗುವುದಿಲ್ಲ. ಮೊನ್ನೆ ರಾತ್ರಿ ಒಂದೂವರೆವರೆಗೆ ಮುಖಪುಟದ ಅಕ್ಷರ ಬದಲಾಯಿಸುತ್ತಾ ಕೂತಿದ್ದೆ. ಕೊನೆಗೆ ಮೊದಲಿದ್ದದ್ದನ್ನೇ ಇಟ್ಟೆ. ಏನು ಮಾಡಲಿ?

ಉತ್ತರ (ಆಪ್ತಸಮಾಲೋಚಕಿ): ಮೊದಲಿದ್ದದ್ದನ್ನೇ ಇಟ್ಟೆ ಅಂದಿರಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಆ ಹೊತ್ತಿನಲ್ಲಿ ತಲೆಯೊಳಗೆ ಯಾರ ಮಾತು ಕೇಳಿಸುತ್ತಿತ್ತು? ನನ್ನ ಹತ್ತಿರ ಬರುವವರು ಅತ್ತೆ, ಬಾಸ್, ಕೆಲವರಂತೂ ಮೂರನೇ ಕ್ಲಾಸಿನ ಟೀಚರ್ ಅನ್ನುತ್ತಾರೆ!

ಪಾಲ್ ಹ್ಯೂವಿಟ್, ಗಾರ್ಡನ್ ಫ್ಲೆಟ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ಈ ಅಚ್ಚುಕಟ್ಟಿನ ಹಟವನ್ನು ಮೂರು ಬಗೆಯಾಗಿ ವಿಂಗಡಿಸಿದರು. ತನ್ನ ಮೇಲೆ ತಾನೇ ಹೇರಿಕೊಳ್ಳುವುದು, ಬೇರೆಯವರ ಮೇಲೆ ಹೇರುವುದು, ಬೇರೆಯವರು ನನ್ನಿಂದ ಅಷ್ಟು ಬಯಸುತ್ತಾರೆ ಅಂದುಕೊಳ್ಳುವುದು. ನಿಮ್ಮದರಲ್ಲಿ ಮೂರನೆಯದೇ ಜಾಸ್ತಿ ಕಾಣುತ್ತದೆ. ನಮ್ಮಲ್ಲಿ ಅದಕ್ಕೆ ದಾಕ್ಷಿಣ್ಯವೂ ಸೇರಿಕೊಳ್ಳುತ್ತದೆ. ಒಪ್ಪಿಕೊಳ್ಳದಿದ್ದರೆ ಕೆಟ್ಟವಳು, ಒಪ್ಪಿಕೊಂಡು ಕೊರತೆಯಾದರೆ ಇನ್ನೂ ಕೆಟ್ಟವಳು.

ಇದರ ಜೊತೆಗೆ ಸಮಯದ ಲೆಕ್ಕ ಎಲ್ಲರದ್ದೂ ತಪ್ಪುತ್ತದೆ. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೆ ಸರಾಸರಿ 34 ದಿನ ಸಾಕು ಅಂದುಕೊಂಡಿದ್ದರು. ಹಿಡಿದದ್ದು 55 ದಿನಕ್ಕೂ ಜಾಸ್ತಿ. ಹಾಗಾಗಿ ಹದಿನೈದು ದಿನ ‘ಆಯ್ತು’ ಬೇಡ, ‘ನಾಳೆ ಹೇಳ್ತೀನಿ’ ಅನ್ನಿ. ಆಮೇಲೆ ಒಪ್ಪಿಕೊಂಡರೂ ಪರವಾಗಿಲ್ಲ, ಒಂದು ರಾತ್ರಿ ಕಳೆದಿರಲಿ.

ಇನ್ನೊಂದು, ಸ್ವಲ್ಪ ಕಷ್ಟದ್ದು. ಆಫೀಸಿನ ಒಂದು ಸಾಮಾನ್ಯ ಮೇಲ್ ಅನ್ನು ಒಂದೇ ಸಲ ಓದಿ ಕಳಿಸಿ. ಕಳಿಸುವ ಮುಂಚೆ, ಏನಾಗಬಹುದು ಅನ್ನುವ ಭಯವನ್ನು ಚೀಟಿಯಲ್ಲಿ ಬರೆದಿಡಿ. ಎರಡು ದಿನ ಬಿಟ್ಟು ಅದೇ ಚೀಟಿಯ ಹಿಂದೆ ನಿಜವಾಗಿ ಏನಾಯಿತು ಅಂತ ಬರೆಯಿರಿ. ಸುಮ್ನೆ ಮನಸ್ಸಿನಲ್ಲೇ ಅಂದುಕೊಂಡರೆ ಆಗುವುದಿಲ್ಲ, ಬರೆಯಲೇಬೇಕು.

ಗುಂಪಿನ ಇನ್ನೊಬ್ಬರು: ಮೇಡಂ, ನಾನು ಜಿಎಸ್‌ಟಿ ರಿಟರ್ನ್ ಹಾಕುವವನು. ಒಂದೇ ಸಲ ನೋಡಿ ಕಳಿಸಿದರೆ ಕೆಲಸ ಉಳಿಯುತ್ತಾ?

ಉತ್ತರ: ಉಳಿಯಲ್ಲ! ರಿಟರ್ನ್ ಅನ್ನು ಎರಡು ಸಲ ನೋಡಿ. ಆದರೆ ಅದನ್ನು ಕಳಿಸಿದ್ದೇನೆ ಅಂತ ಹಾಕುವ ವಾಟ್ಸಾಪ್ ಮೆಸೇಜನ್ನೂ ನಾಲ್ಕು ಸಲ ತಿದ್ದುತ್ತೀರಾ? ತಪ್ಪಿದರೆ ದಂಡ ಬೀಳುವ ಕೆಲಸ ಬೇರೆ, ಯಾರೂ ಕೇಳದ ಕೆಲಸ ಬೇರೆ ಅಲ್ವಾ.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಎದೆ ಡವಗುಟ್ಟುತ್ತಿದ್ದರೆ ಈ ಚೀಟಿಯನ್ನೇ ನಂಬಿ ಕೂರಬೇಡಿ. ಡಾಕ್ಟರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ): ನಿದ್ದೆ ಈಗ ಪರವಾಗಿಲ್ಲ. ಅಡುಗೆಯವರ ಕೆಲಸ ನಾದಿನಿಗೇ ವಾಪಸ್ ಕೊಟ್ಟೆ, ಎರಡು ದಿನ ಮುಖ ಊದಿಸಿಕೊಂಡಿದ್ದಳು. ಸಂಚಿಕೆಯ ಕರಡು ಒಂದೇ ಸಲ ನೋಡಿ ಪ್ರೆಸ್ಸಿಗೆ ಕಳಿಸಿದೆ. ಮೂರನೇ ಮಹಡಿಯ ಅಂಕಲ್ ಫೋನ್ ಮಾಡಿ, ಏಳನೇ ಪುಟದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ ಅಂದರು. ಮುಂದಿನ ವರ್ಷ ಕರಡು ನೀವೇ ನೋಡಿಕೊಡಿ ಅಂದೆ. ‘ನಾಳೆ ಹೇಳ್ತೀನಿ’ ಅಂದರು.