ಪೌಡರ್ ಕೋಟಿಂಗ್ ಮಾಡಿಸಿದ ಗೇಟಿಗೆ ಎರಡೇ ಮಳೆಗಾಲಕ್ಕೆ ತುಕ್ಕು, ಎಲ್ಲಿ ತಪ್ಪಿತು?

ನಾಲೆಬದಿ ಮನೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿದೆ. ಸುತ್ತ ಕಬ್ಬಿನ ಗದ್ದೆ, ಗೇಟಿನ ಪಕ್ಕದಲ್ಲೇ ಕೊಟ್ಟಿಗೆ. ಎರಡು ವರ್ಷದ ಹಿಂದೆ ಮನೆ ಕಟ್ಟಿಸಿದಾಗ ಗೇಟು, ಕಿಟಕಿ ಗ್ರಿಲ್ಲು, ಮೆಟ್ಟಿಲಿನ ರೇಲಿಂಗು ಎಲ್ಲಕ್ಕೂ ಪೌಡರ್ ಕೋಟಿಂಗ್ ಮಾಡಿಸಿದೆವು. ಬಣ್ಣ ಬಳಿಸಿದರೆ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಸಬೇಕು, ಇದಾದರೆ ಹತ್ತು ವರ್ಷ ಆ ಕಡೆ ನೋಡುವುದೇ ಬೇಡ ಅಂದಿದ್ದರು. ಈಗ ನೋಡಿದರೆ ಗೇಟಿನ ವೆಲ್ಡಿಂಗ್ ಜಾಗಗಳಲ್ಲಿ ಗುಳ್ಳೆ ಎದ್ದಿದೆ. ಉಗುರಿನಲ್ಲಿ ಕೆರೆದರೆ ಸಿಪ್ಪೆ ಸುಲಿದ ಹಾಗೆ ಬರುತ್ತದೆ, ಅಡಿಯಲ್ಲಿ ಕೆಂಪಗೆ ತುಕ್ಕು. ಕೆಳಗಿನ ಪೈಪಂತೂ ಉದ್ದಕ್ಕೂ ಹೀಗೇ ಆಗಿದೆ. ಕಿಟಕಿ ಗ್ರಿಲ್ಲು, ರೇಲಿಂಗಿಗೆ ಏನೂ ಆಗಿಲ್ಲ.

ನಮ್ಮ ಅಪ್ಪ ಮೊದಲೇ ಹೇಳಿದ್ದರು, ರೆಡ್ ಆಕ್ಸೈಡ್ ಹೊಡೆದು ಎನಾಮೆಲ್ ಬಳಿಸಿ ಸಾಕು ಅಂತ. ಪೌಡರ್ ಕೋಟಿಂಗ್ ನಿಜವಾಗಿ ತುಕ್ಕು ತಡೆಯುತ್ತದಾ, ಇಲ್ಲ ನೋಡೋಕೆ ಮಾತ್ರ ಚೆನ್ನಾಗಿರುತ್ತದಾ? ಈಗ ಏನು ಮಾಡಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಹೆಬ್ಬಾಳ ಶೆಡ್, ಮೈಸೂರು

ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ 11 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ತಡೆಯುತ್ತದೆ, ಖಂಡಿತ ತಡೆಯುತ್ತದೆ. ಆದರೆ ಹೇಗೆ ತಡೆಯುತ್ತದೆ ಅಂತ ತಿಳಿದುಕೊಂಡರೆ ನಿಮ್ಮ ಗೇಟಿಗೆ ಏನಾಯಿತು ಅಂತ ನಿಮಗೇ ಅರ್ಥವಾಗುತ್ತದೆ.

ಪೌಡರ್ ಅಂದರೆ ಬಣ್ಣ ಬೆರೆಸಿದ ಪ್ಲಾಸ್ಟಿಕ್ ಪುಡಿ. ಗನ್ನಿನ ತುದಿಯಲ್ಲಿ 60ರಿಂದ 100 ಕಿಲೋವೋಲ್ಟ್ ಇರುತ್ತದೆ. ಅಲ್ಲಿಂದ ಹೊರಟ ಪುಡಿಗೆ ಚಾರ್ಜ್ ಬರುತ್ತದೆ, ಕಬ್ಬಿಣಕ್ಕೆ ಅರ್ಥಿಂಗ್ ಕೊಟ್ಟಿರುತ್ತೇವೆ, ಹಾಗಾಗಿ ಪುಡಿ ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಓವನ್ನಿನಲ್ಲಿ 180ರಿಂದ 200 ಡಿಗ್ರಿಗೆ ಕಾಯಿಸಿದರೆ ಕರಗಿ ಹರಡಿ ಗಟ್ಟಿಯಾಗಿ 60ರಿಂದ 80 ಮೈಕ್ರಾನ್ ದಪ್ಪದ ಒಂದೇ ಪದರ ಆಗುತ್ತದೆ. ಈ ಪದರ ಕಬ್ಬಿಣಕ್ಕೂ ಹೊರಗಿನ ನೀರು, ಗಾಳಿ, ಉಪ್ಪಿಗೂ ನಡುವೆ ಒಂದು ಗೋಡೆ. ಅದು ಇಷ್ಟೇ ಮಾಡುವುದು. ಒಳಗೆ ಆಗಲೇ ಇರುವ ತುಕ್ಕನ್ನು ಅದು ಕೊಲ್ಲುವುದಿಲ್ಲ. ಗೋಡೆಗೆ ಒಂದು ಕಡೆ ಬಿರುಕು ಬಿತ್ತು ಅಂದರೆ ನೀರು ಪದರದ ಅಡಿಯಲ್ಲೇ ಹರಡುತ್ತಾ ಹೋಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತೆಗೆದುಕೊಳ್ಳುತ್ತದೆ, ಮೇಲಿನ ಪದರವನ್ನು ಎತ್ತುತ್ತದೆ. ನೀವು ನೋಡಿದ ಗುಳ್ಳೆ ಅದೇ.

ಹಾಗಾದರೆ ಪದರ ಕಬ್ಬಿಣವನ್ನು ಬಿಗಿಯಾಗಿ ಹಿಡಿಯುವ ಹಾಗೆ ಮಾಡುವುದೇ ಮುಖ್ಯ ಕೆಲಸ. ಅದು ಪೌಡರ್ ಹೊಡೆಯುವುದಕ್ಕೆ ಮೊದಲೇ ಆಗಬೇಕು. ನಮ್ಮವರು ಸೆವೆನ್ ಟ್ಯಾಂಕ್ ಅನ್ನುತ್ತಾರಲ್ಲ, ಅಂದರೆ ಸಾಲಾಗಿರುವ ತೊಟ್ಟಿಗಳಲ್ಲಿ ಒಂದೊಂದಾಗಿ ಮುಳುಗಿಸಿ ತೆಗೆಯುವುದು, ಅದು ಇದೇ. ಮೊದಲು ಎಣ್ಣೆ ಜಿಡ್ಡು ತೆಗೆಯಬೇಕು, ಆಮೇಲೆ ಆಸಿಡ್ಡಿನಲ್ಲಿ ತುಕ್ಕು ತೆಗೆಯಬೇಕು, ನಡುನಡುವೆ ನೀರಿನಲ್ಲಿ ತೊಳೆಯಬೇಕು, ಕೊನೆಗೆ ಫಾಸ್ಫೇಟಿಂಗ್. ಫಾಸ್ಫೇಟ್ ಕಬ್ಬಿಣದ ಮೇಲೆ ಸಣ್ಣ ಸಣ್ಣ ಹರಳಿನ ತೆಳುವಾದ ಪದರ ಕಟ್ಟುತ್ತದೆ. ಪೌಡರ್ ಹಿಡಿಯುವುದಕ್ಕೆ ಅದೇ ಆಸರೆ, ಎಲ್ಲಾದರೂ ಗೀರು ಬಿದ್ದರೆ ತುಕ್ಕು ಅಕ್ಕಪಕ್ಕಕ್ಕೆ ಹಬ್ಬದ ಹಾಗೆ ನೋಡಿಕೊಳ್ಳುವುದೂ ಅದೇ. ಹತ್ತು ಅಡಿ ಗೇಟು ಎಷ್ಟೋ ಕಡೆ ಟ್ಯಾಂಕಿನಲ್ಲಿ ಮುಳುಗುವುದೇ ಇಲ್ಲ. ಆಗ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಸುಮ್ನೆ ಎಮರಿ ಉಜ್ಜಿ ಪೌಡರ್ ಹೊಡೆದು ಕಳಿಸುತ್ತಾರೆ. ಬಂದ ದಿನ ಎರಡೂ ಒಂದೇ ಥರ ಹೊಳೆಯುತ್ತವೆ. ನಿಮ್ಮ ಗ್ರಿಲ್ಲು, ರೇಲಿಂಗು ಚಿಕ್ಕವು, ಟ್ಯಾಂಕಿಗೆ ಇಳಿದಿರಬಹುದು, ಗೇಟು ಇಳಿದಿರಲಿಕ್ಕಿಲ್ಲ. ಸಿಪ್ಪೆ ಥರ ಸುಲಿದು ಬರುತ್ತಿದೆ ಅಂದಿರಲ್ಲ, ಅದಕ್ಕೇ ಹೀಗೆ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಹೊರಗಿನ ಬಿಸಿಲಿಗೆ ಪ್ಯೂರ್ ಪಾಲಿಯೆಸ್ಟರ್ ಪೌಡರ್ ಬೇಕು. ಎಪಾಕ್ಸಿ ಪೌಡರ್ ತುಕ್ಕು ತಡೆಯುವುದಕ್ಕೆ ಒಳ್ಳೆಯದೇ, ಆದರೆ ಬಿಸಿಲಿಗೆ ಸುಣ್ಣದ ಹಾಗೆ ಬಿಳಿ ಪುಡಿ ಬಿಡುತ್ತದೆ. ನಿಮ್ಮ ಗೇಟನ್ನು ಕೈಯಲ್ಲಿ ಸವರಿ ನೋಡಿ, ಕೈಗೆ ಪುಡಿ ಅಂಟುತ್ತದಾ?

ಫ್ಯಾಬ್ರಿಕೇಷನ್ ಅಂಗಡಿ, ಮಂಡ್ಯ

ಮೇಲಿನ ಅಣ್ಣ ಹೇಳಿದ್ದು ಸರಿ. ಆದರೆ ತಪ್ಪನ್ನೆಲ್ಲ ಕೋಟಿಂಗಿನವರ ಮೇಲೆ ಹಾಕಬೇಡಿ, ವೆಲ್ಡಿಂಗ್ ಮಾಡುವ ನಮ್ಮ ಕಡೆಯದೂ ಇರುತ್ತದೆ. ವೆಲ್ಡಿಂಗ್ ಮೇಲೆ ಗಾಜಿನ ಥರ ಸ್ಲ್ಯಾಗ್ ಕೂತಿರುತ್ತದೆ, ಅದನ್ನು ಸುತ್ತಿಗೆಯಲ್ಲಿ ಕುಟ್ಟಿ ಗ್ರೈಂಡ್ ಮಾಡಬೇಕು. ಬಿಟ್ಟರೆ ಪೌಡರ್ ಸ್ಲ್ಯಾಗಿನ ಮೇಲೆ ಕೂರುತ್ತದೆ. ಬಿಸಿಲಿಗೆ ಗೇಟು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಒಂದಿನ ಸ್ಲ್ಯಾಗ್ ಪೌಡರಿನ ಸಮೇತ ಉದುರುತ್ತದೆ. ಚೂಪಾದ ಅಂಚನ್ನೂ ಉರುಟು ಮಾಡಬೇಕು. ಪೌಡರ್ ಕರಗಿದಾಗ ಅಂಚಿನಿಂದ ಹಿಂದಕ್ಕೆ ಜಾರುತ್ತದೆ, ಅಲ್ಲಿ ಪದರ ತೆಳ್ಳಗಾಗುತ್ತದೆ. ಒಳಮೂಲೆಗೆ ಬೇರೆ ತೊಂದರೆ, ಚಾರ್ಜ್ ಇರುವ ಪುಡಿ ಹತ್ತಿರದ ಅಂಚಿಗೇ ಹೋಗಿ ಕೂರುತ್ತದೆ, ಮೂಲೆಯ ಒಳಕ್ಕೆ ಹೋಗುವುದೇ ಇಲ್ಲ. ಗೇಟಿನಲ್ಲಿ ವೆಲ್ಡಿಂಗ್ ಇರುವುದೆಲ್ಲ ಮೂಲೆಯಲ್ಲೇ ಅಲ್ವಾ?

ಒಂದು ಕೇಳಬೇಕು. ಗೇಟು ಕೋಟಿಂಗ್ ಆಗಿ ಬಂದ ಮೇಲೆ ಮನೆ ಹತ್ತಿರ ಕೀಲು, ಚಿಲಕ ಏನಾದರೂ ವೆಲ್ಡ್ ಮಾಡಿದರಾ? ಮಾಡಿದ್ದರೆ ಆ ಜಾಗದ ಪೌಡರ್ ಸುಟ್ಟುಹೋಗಿರುತ್ತದೆ. ಮೇಲೆ ಅದೇ ಬಣ್ಣದ ಸ್ಪ್ರೇ ಹೊಡೆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ನಾನು ಈಗ ಕೀಲು, ಚಿಲಕ, ತಾಳದ ಕೊಂಡಿ ಎಲ್ಲ ಕೂರಿಸಿ, ಗೇಟನ್ನು ಒಮ್ಮೆ ಕಂಬಕ್ಕೆ ಹಾಕಿ ನೋಡಿ, ಬಿಚ್ಚಿಕೊಂಡು ಹೋಗಿ ಆಮೇಲೆಯೇ ಕೋಟಿಂಗಿಗೆ ಕಳಿಸುವುದು. ಆಟೋ ಬಾಡಿಗೆ ಎರಡು ಸಲ ಬೀಳುತ್ತದೆ, ಬೀಳಲಿ.

ಕಬ್ಬುಗದ್ದೆ, ಪಾಂಡವಪುರ

ಕೊಟ್ಟಿಗೆ ಪಕ್ಕದಲ್ಲೇ ಇದೆ ಅಂದಿರಿ, ಅದನ್ನು ಯಾರೂ ಕೇಳಲಿಲ್ಲ. ಗಂಜಲ, ಗೊಬ್ಬರದ ನೀರು ಗೇಟಿನ ಬುಡಕ್ಕೆ ಹರಿಯುತ್ತದಾ? ನಮ್ಮಲ್ಲಿ ಪೊಟ್ಯಾಷ್ ಮೂಟೆಗಳನ್ನು ಗೇಟಿಗೆ ಒರಗಿಸಿ ಇಡುತ್ತಿದ್ದೆವು. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಒಂಥರಾ ಉಪ್ಪೇ. ಒದ್ದೆಯಾಗಿ ಕಬ್ಬಿಣಕ್ಕೆ ತಾಗಿದರೆ ತುಕ್ಕು ಓಡೋಡಿ ಬರುತ್ತದೆ. ಸಮುದ್ರದ ಪಕ್ಕ ಕಬ್ಬಿಣ ಬೇಗ ಹಾಳಾಗುವುದೂ ಅದೇ ಕ್ಲೋರೈಡಿನಿಂದ. ಮೂಟೆ ಬೇರೆ ಕಡೆ ಇಟ್ಟೆವು, ವಾರಕ್ಕೊಮ್ಮೆ ಗೇಟಿನ ಬುಡಕ್ಕೆ ಬರೀ ನೀರು ಹಾಕಿ ತೊಳೆಯುತ್ತೇವೆ.

ನಾಲೆಬದಿ ಮನೆ, ಮಂಡ್ಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಅಪ್ಪನೂ ನಾನೂ ಕೂತು ಗೇಟನ್ನು ಪೂರ್ತಿ ನೋಡಿದೆವು. ಕೈಗೆ ಪುಡಿ ಅಂಟಲಿಲ್ಲ. ಚಿಲಕ ಮನೆ ಹತ್ತಿರವೇ ವೆಲ್ಡ್ ಮಾಡಿದ್ದು ನಿಜ, ಅಲ್ಲಿ ಎಲ್ಲಕ್ಕಿಂತ ಜಾಸ್ತಿ ತಿಂದಿದೆ. ಕೊಟ್ಟಿಗೆ ನೀರು ಮಳೆ ಬಂದಾಗ ಆ ಕಡೆಯೇ ಹರಿಯುತ್ತದೆ, ಚರಂಡಿ ತಿರುಗಿಸುತ್ತೇವೆ. ಆದರೆ ಕೆಳಗಿನ ಪೈಪು ಉದ್ದಕ್ಕೂ ಯಾಕೆ ಹೀಗಾಯಿತು ಅಂತ ಗೊತ್ತಾಗಲಿಲ್ಲ. ತಟ್ಟಿದರೆ ಮೇಲಿನ ಪೈಪು ಟಣ್ ಅನ್ನುತ್ತದೆ, ಇದು ದಬ್ ಅನ್ನುತ್ತದೆ.

ಫ್ಯಾಬ್ರಿಕೇಷನ್ ಅಂಗಡಿ, ಮಂಡ್ಯ

ಒಳಗೆ ನೀರಿದೆ. ಪೌಡರ್ ಪೈಪಿನ ಹೊರಗೆ ಮಾತ್ರ ಕೂರುತ್ತದೆ, ಒಳಗೆ ಬರೀ ಕಬ್ಬಿಣ. ಅಡಿಭಾಗದಲ್ಲಿ, ಎರಡೂ ತುದಿಗೆ 6 ಮಿಲಿಮೀಟರ್ ಡ್ರಿಲ್ಲಿನಲ್ಲಿ ಒಂದೊಂದು ತೂತು ಹಾಕಿಸಿ.

ನಾಲೆಬದಿ ಮನೆ, ಮಂಡ್ಯ

ಹಾಕಿಸಿದೆವು. ಒಂದು ಚೊಂಬಿನಷ್ಟು ಕೆಂಪು ನೀರು ಬಂತು! ಮೇಲೆ ಎರಡು ಕಡೆ ವೆಲ್ಡಿಂಗ್ ಪೂರ್ತಿ ಕೂಡಿರಲಿಲ್ಲ, ಮಳೆ ನೀರು ಅಲ್ಲಿಂದಲೇ ಇಳಿದಿದೆ. ಈಗ ಮತ್ತೆ ಪೌಡರ್ ಮಾಡಿಸುವುದಾ, ಅಪ್ಪ ಹೇಳಿದ ಹಾಗೆ ಬಣ್ಣವಾ?

ಹೆಬ್ಬಾಳ ಶೆಡ್, ಮೈಸೂರು

ಮೊದಲು ಆ ಕೆಳಗಿನ ಪೈಪನ್ನು ಕತ್ತರಿಸಿ ಹೊಸ ಜಿಐ ಪೈಪು ಹಾಕಿಸಿ. ಜಿಐ ಮೇಲೆ ಸತು ಇರುತ್ತದೆ, ಗೀರು ಬಿದ್ದರೂ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ, ಬರೀ ಪೌಡರಿಗೆ ಆ ಗುಣ ಇಲ್ಲ. ವೆಲ್ಡ್ ಮಾಡಿದ ಕಡೆ ಸತು ಸುಟ್ಟುಹೋಗುತ್ತದೆ, ಆ ಜಾಗ ಚೆನ್ನಾಗಿ ಗ್ರೈಂಡ್ ಮಾಡಲು ಹೇಳಿ. ಬಿಟ್ಟಿರುವ ವೆಲ್ಡಿಂಗ್ ಮುಚ್ಚಿಸಿ, ಹೊಸ ಪೈಪಿನ ಅಡಿಗೂ ಹಾಗೇ ತೂತು ಹಾಕಿಸಿ.

ಆಮೇಲೆ ಹೊಸ ಜಿಐ ಪೈಪು ಬಿಟ್ಟು ಉಳಿದ ಗೇಟಿಗೆಲ್ಲ ಬ್ಲಾಸ್ಟಿಂಗ್ ಮಾಡಿಸಿ, ಅಂದರೆ ಮರಳಿನಂಥ ಕಣಗಳನ್ನು ಜೋರಾಗಿ ಹೊಡೆದು ಹಳೇ ಪದರ, ತುಕ್ಕು ಎಲ್ಲ ತೆಗೆಸಿ, ಇಡೀ ಗೇಟಿಗೆ ಮತ್ತೆ ಪೌಡರ್ ಮಾಡಿಸಬಹುದು. ಬ್ಲಾಸ್ಟಿಂಗ್ ಆದ ದಿನವೇ ಪೌಡರ್ ಆಗಬೇಕು, ಬೆತ್ತಲೆ ಕಬ್ಬಿಣ ಮಳೆಗಾಲದ ಗಾಳಿಗೆ ಒಂದು ರಾತ್ರಿಯಲ್ಲೇ ಕೆಂಪಾಗುತ್ತದೆ. ಅಷ್ಟು ಖರ್ಚು ಬೇಡ ಅನ್ನಿಸಿದರೆ ಅಪ್ಪ ಹೇಳಿದ ದಾರಿಯೂ ತಪ್ಪಲ್ಲ. ಗುಳ್ಳೆ ಎದ್ದ ಜಾಗವನ್ನೆಲ್ಲ ಕಬ್ಬಿಣ ಹೊಳೆಯುವ ತನಕ ಉಜ್ಜಿ, ಗಟ್ಟಿ ಇರುವ ಪೌಡರಿನ ಅಂಚನ್ನೂ ಎಮರಿಯಲ್ಲಿ ಇಳಿಜಾರು ಮಾಡಿ, ಎಪಾಕ್ಸಿ ಪ್ರೈಮರ್ ಎರಡು ಕೋಟು, ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಸಿ. ತುಕ್ಕಿನ ಮೇಲೆಯೇ ರೆಡ್ ಆಕ್ಸೈಡ್ ಬಳಿಯಲು ಮಾತ್ರ ಬಿಡಬೇಡಿ. ಕೋಟಿಂಗಿಗೇ ಕೊಡುವುದಾದರೆ ಪೌಡರ್ ಹೊಡೆಯುವ ದಿನವೇ, ಹೊಡೆಯುವುದಕ್ಕೆ ಮುಂಚೆ ಒಮ್ಮೆ ಶೆಡ್ಡಿಗೆ ಹೋಗಿ, ಗೇಟು ಯಾವ ಸ್ಥಿತಿಯಲ್ಲಿದೆ ಅಂತ ಕಣ್ಣಾರೆ ನೋಡಿ ಬನ್ನಿ. ಬರುವುದು ಬೇಡ ಅಂತ ಶೆಡ್ಡಿನವರು ಅಂದರೆ ಬೇರೆ ಶೆಡ್ ನೋಡಿಕೊಳ್ಳಿ.