ಬೋಟ್ಸ್ವಾನಾದಲ್ಲಿ ಕೆಲಸ ಸಿಕ್ಕಿದೆ, ದೇಶ ಹೇಗೆ?

ತುಮಕೂರಿನವ:
ರಾಜಧಾನಿ ಗ್ಯಾಬರೋನ್‌ನಲ್ಲಿ ಕಟ್ಟಡ ಸಾಮಗ್ರಿ ಮಾರುವ ಕಂಪನಿಯಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿದೆ. ಆಫ್ರಿಕಾ ಅಂದ ಕೂಡಲೇ ಅಮ್ಮ ಮಾತು ಬಿಟ್ಟಿದ್ದಾರೆ. ಅಲ್ಲಿ ಗಲಾಟೆ ಗಿಲಾಟೆ ಇದೆಯಾ? ಸಂಬಳ ನಂಬಬಹುದಾ?

ಗ್ಯಾಬರೋನ್ ಕನ್ನಡಿಗ:
ಅಮ್ಮನಿಗೆ ಧೈರ್ಯ ಹೇಳಿ. 1966ರಲ್ಲಿ ಬ್ರಿಟಿಷರು ಹೋದ ಮೇಲೆ ಇಲ್ಲಿ ಒಮ್ಮೆಯೂ ಸೇನೆ ಅಧಿಕಾರ ಹಿಡಿದಿಲ್ಲ. ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಕಟ್ಟಿದ ಪಕ್ಷವೇ 58 ವರ್ಷ ಆಳಿತು. 2024ರ ಅಕ್ಟೋಬರ್ ಚುನಾವಣೆಯಲ್ಲಿ ಅದು ನಾಲ್ಕೇ ಸೀಟಿಗೆ ಇಳಿಯಿತು. ಅಧ್ಯಕ್ಷ ಮಸೀಸಿ ತಕರಾರಿಲ್ಲದೆ ಸೋಲು ಒಪ್ಪಿಕೊಂಡರು, ವಕೀಲ ಡೂಮಾ ಬೋಕೊ ಅಧ್ಯಕ್ಷರಾದರು. ಅಷ್ಟು ದೊಡ್ಡ ಬದಲಾವಣೆ ಆದರೂ ನಾವು ಎಂದಿನಂತೆ ಅಂಗಡಿ ತೆಗೆದೆವು.

ಯೋಚಿಸಬೇಕಾದದ್ದು ದುಡ್ಡಿನ ಬಗ್ಗೆ. ದೇಶ ನಿಂತಿರುವುದೇ ವಜ್ರದ ಮೇಲೆ. 1967ರಲ್ಲಿ ಒರಾಪಾದಲ್ಲಿ ನಿಕ್ಷೇಪ ಸಿಕ್ಕಿತು, 1982ರಲ್ಲಿ ಜ್ವಾನೆಂಗ್ ಗಣಿ ಶುರುವಾಯಿತು. ಗಣಿ ಕಂಪನಿ ಡೆಬ್ಸ್ವಾನಾದಲ್ಲಿ ಸರ್ಕಾರದ್ದು ಅರ್ಧ, ವಜ್ರದ ಕಂಪನಿ ಡಿ ಬೀರ್ಸ್‌ದು ಅರ್ಧ. ರಸ್ತೆ, ಶಾಲೆ, ಆಸ್ಪತ್ರೆ ಎಲ್ಲಾ ಆ ದುಡ್ಡಿನಿಂದ ಬಂದದ್ದು. ಈಗ ಲ್ಯಾಬ್ ವಜ್ರ ಅಗ್ಗಕ್ಕೆ ಸಿಗುತ್ತಿದೆ, ಗಣಿ ವಜ್ರ ಕೇಳುವವರು ಕಡಿಮೆ. ಸರ್ಕಾರದ ಕೈ ಬಿಗಿಯಾದರೆ ಮೊದಲು ನಿಲ್ಲುವುದು ಕಟ್ಟಡದ ಕೆಲಸ. ನಮ್ಮ ಗಿರಾಕಿಯೊಬ್ಬ ಗುತ್ತಿಗೆದಾರ ಸಿಮೆಂಟಿನ ಬಾಕಿಯನ್ನು ತಿಂಗಳುಗಟ್ಟಲೆ ಎಳೆದ. ಹಾಗಾಗಿ ನಿಮ್ಮ ಕಂಪನಿಯ ವ್ಯಾಪಾರದಲ್ಲಿ ಸರ್ಕಾರಿ ಕಾಮಗಾರಿಯ ಪಾಲು ಎಷ್ಟು, ಅದನ್ನು ಕೇಳಿ. ಸುಮ್ನೆ ಸಂಬಳದ ಅಂಕಿ ನೋಡಿ ಸಹಿ ಹಾಕಬೇಡಿ.

ಮೈಸೂರು ಮಲ್ಲಿಗೆ:
ಸರ್, ಬರೀ ಶಾಂತಿ ಅಂದರೆ ಹೇಗೆ? ಕಲಹಾರಿ ಮರುಭೂಮಿಯ ಮೂಲನಿವಾಸಿ ಸಾನ್ ಜನರನ್ನು ಅವರ ನೆಲದಿಂದಲೇ ಎಬ್ಬಿಸಿದರಲ್ವಾ?

ಗ್ಯಾಬರೋನ್ ಕನ್ನಡಿಗ:
ನಿಜ ಮೇಡಂ. ಹಾಗೆ ಎಬ್ಬಿಸಿದ್ದು ಕಾನೂನಿಗೆ ವಿರುದ್ಧ ಅಂತ 2006ರಲ್ಲಿ ಹೈಕೋರ್ಟೇ ಹೇಳಿತು. ಆಮೇಲೂ ನೀರಿಗಾಗಿ ಅವರು ಮತ್ತೆ ಕೋರ್ಟಿಗೆ ಹೋಗಬೇಕಾಯಿತು. ಓದಿದ ಹುಡುಗರಿಗೂ ಇಲ್ಲಿ ಕೆಲಸವಿಲ್ಲ. ಆಳುವ ಪಕ್ಷ ಸೋತದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಲೆಕ್ಕ.

ತುಮಕೂರಿನವ:
ಜನ ಹೇಗೆ ಸರ್?

ಗ್ಯಾಬರೋನ್ ಕನ್ನಡಿಗ:
ಕರ್ನಾಟಕದ ಮೂರು ಪಟ್ಟು ಜಾಗ, ಜನ ಮಾತ್ರ ಸುಮಾರು 25 ಲಕ್ಷ. ಅವಸರ ಕಮ್ಮಿ. ಬ್ಯಾಂಕಿಗೆ ಹೋದರೂ ಮೊದಲು 'ಡುಮೆಲಾ ಮ್ಮಾ', 'ಡುಮೆಲಾ ರ್ರಾ' (ನಮಸ್ಕಾರ ಮೇಡಂ, ನಮಸ್ಕಾರ ಸರ್) ಅನ್ನಬೇಕು. ನೇರ ಕೆಲಸದ ಮಾತಿಗೆ ಇಳಿದರೆ ಮುಖ ಗಂಟು ಹಾಕುತ್ತಾರೆ. ನಮ್ಮ ಗೋಡೌನ್ ಮ್ಯಾನೇಜರ್ ಶುಕ್ರವಾರ ಸಂಜೆಯಾದರೆ ಹಳ್ಳಿಯ ದನದ ಹಟ್ಟಿಗೆ ಹೊರಡುತ್ತಾರೆ. ಆಮೇಲೆ ಫೋನ್ ಮಾಡಿದರೆ ಸಿಗಲ್ಲ. ಸ್ಟಾಕ್ ಲೆಕ್ಕವನ್ನು ಗುರುವಾರವೇ ಕೇಳಿ ಇಟ್ಟುಕೊಳ್ಳಿ.